ಆ ಕಿತ್ತಳೆ ಅಂಗಿಯವರು ಏನಾದರೆಂದರೆ

ಪ್ರಿಯ ಬಸೂ,

ನೀನು ಕಳಿಸಿದ ಧ್ವನಿ ಸಂದೇಶದಲ್ಲಿ ಮುಕ್ಕಾಲು ಪಾಲು ಹುಬ್ಬಳ್ಳಿ ನಿಲ್ದಾಣದ ಗದ್ದಲವೇ ಇತ್ತು. ಉಳಿದ ಕಾಲು ಪಾಲಿನಲ್ಲಿ ಒಂದು ಪ್ರಶ್ನೆ: "ಆ ಕಿತ್ತಳೆ ಅಂಗಿಯವರು ಕೊನೆಗೆ ಏನಾದರು?" ದುಡ್ಡು ಬರುವುದು ನಿಂತಿತು, ಆ ಸೈಕಲ್ ಓಟದ ತಂಡ ಮುಚ್ಚಿತು ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ನಿನಗೆ ಒಂದೇ ಮಾತಿನ ಉತ್ತರ ಕೊಟ್ಟು ಪಾರಾದವರು ಯಾರಿದ್ದಾರೆ? ಅದಕ್ಕೇ ಈ ಪತ್ರ. ಎಲ್ಲರೂ ಓದುವ ಕಡೆ ಹಾಕುತ್ತಿರುವುದಕ್ಕೆ ಕಾರಣವೂ ಇದೆ. ವಿಜಯಪುರ, ಬಾಗಲಕೋಟೆ ಕಡೆ ಈಗಲೂ ಬೆಳಗಿನ ಜಾವ ಎದ್ದು ಸೈಕಲ್ ತುಳಿಯುವ ಹುಡುಗ ಹುಡುಗಿಯರು ಇದನ್ನು ಓದಲಿ ಎಂಬ ಆಸೆ. ಜೊತೆಗೆ, ಇಷ್ಟು ಜನರ ಎದುರು ಬರೆದರೆ ನೀನು ಉತ್ತರ ಬರೆಯದೆ ತಪ್ಪಿಸಿಕೊಳ್ಳಲಾರೆ. ಎರಡನೇ ಬಾಳೆಹಣ್ಣಿನ ವಿಚಾರವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನಲ್ಲ.

ತಂಡದ ಹೆಸರು ಯೂಸ್ಕಾಲ್ಟೆಲ್-ಯೂಸ್ಕಾಡಿ. ಮೊದಲರ್ಧ ಒಂದು ಟೆಲಿಫೋನ್ ಕಂಪನಿ, ಉಳಿದರ್ಧ ಒಂದು ನಾಡು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ಪಿರನೀಸ್ ಪರ್ವತಗಳ ಪಶ್ಚಿಮದ ಅಂಚಿನಲ್ಲಿ ಬಾಸ್ಕ್ ಜನರಿದ್ದಾರೆ. ಅವರ ಭಾಷೆಗೆ ಸುತ್ತಲಿನ ಯಾವ ಭಾಷೆಯೊಂದಿಗೂ ನೆಂಟಸ್ತಿಕೆಯಿಲ್ಲ. ಸೈಕಲ್ ಎಂದರೆ ಅವರಿಗೆ ಹಬ್ಬ. 1994ರಲ್ಲಿ ಮಿಗೆಲ್ ಮದರಿಯಾಗಾ ಅವರ ಮುಂದಾಳತ್ವದ ಒಂದು ಪ್ರತಿಷ್ಠಾನ ಈ ತಂಡವನ್ನು ರಸ್ತೆಗಿಳಿಸಿತು. ಅಭಿಮಾನಿಗಳೇ ಸದಸ್ಯರಾಗಿ ಹಣ ಕಟ್ಟಿದರು, ಸ್ಥಳೀಯ ಸರ್ಕಾರದ ಸಂಸ್ಥೆಗಳು ಕೈಜೋಡಿಸಿದವು. ದಶಕದ ಕೊನೆಯ ಹೊತ್ತಿಗೆ ಬಾಸ್ಕ್ ನಾಡಿನದೇ ಟೆಲಿಫೋನ್ ಕಂಪನಿ ಪ್ರಾಯೋಜಕನಾಗಿ ಬಂತು, ತನ್ನ ಕಿತ್ತಳೆ ಬಣ್ಣವನ್ನೂ ತಂತು.

ಅವರದೊಂದು ನಿಯಮವಿತ್ತು. ಸವಾರ ಬಾಸ್ಕ್ ನಾಡಿನಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಕ್ಲಬ್ಬುಗಳಲ್ಲಿ ಪಳಗಿ ಬಂದಿರಬೇಕು. ಉಳಿದ ತಂಡಗಳು ಜಗತ್ತನ್ನೆಲ್ಲ ಜಾಲಾಡಿ ಆಳುಗಳನ್ನು ತರುತ್ತಿದ್ದಾಗ ಇವರು ಒಂದು ಸಣ್ಣ ನಾಡಿನ ಹುಡುಗರನ್ನೇ ನೆಚ್ಚಿಕೊಂಡರು. ಬಯಲಿನಲ್ಲಿ ಹೊಡೆತ ತಿನ್ನುತ್ತಿದ್ದರು. ಗುಂಪಿನಲ್ಲಿ ಅವರಷ್ಟು ಬೀಳುವವರು ಬೇರೆ ಇಲ್ಲ ಎಂಬ ಮಾತೂ ಇತ್ತು. ಆದರೆ ಏರು ಬಂತೆಂದರೆ ಕಿತ್ತಳೆ ಅಂಗಿ ಮುಂದೆ.

2001ರಲ್ಲಿ ಮೊದಲ ಬಾರಿಗೆ ಟೂರ್ ಡಿ ಫ್ರಾನ್ಸ್‌ಗೆ, ಫ್ರಾನ್ಸಿನ ಆ ಮೂರು ವಾರದ ದೊಡ್ಡ ಓಟಕ್ಕೆ, ಹೋದರು. ಆ ವರ್ಷವೇ ಲುಝ್-ಅರ್ದಿದೆನ್ ಬೆಟ್ಟದ ಮೇಲೆ ಮುಗಿದ ಹಂತವನ್ನು, ಅಂದರೆ ಒಂದು ದಿನದ ಓಟವನ್ನು, ರೊಬೆರ್ತೊ ಲೈಸೆಕಾ ಗೆದ್ದ. ಆಗ ಅವನಿಗೆ 32 ವರ್ಷ, ನಮ್ಮ ಕಡೆಯಾದರೆ ಆ ಪ್ರಾಯಕ್ಕೆ ಸೈಕಲ್ಲನ್ನು ಅಟ್ಟಕ್ಕೆ ಹಾಕಿರುತ್ತಾರೆ. ಆ ಬೆಟ್ಟವನ್ನು ನಿನಗೆ ಸರಿಯಾಗಿ ತೋರಿಸಬೇಕು. ಊರು ದಾಟಿದ ಮೇಲೆ ಸುಮಾರು 13 ಕಿಲೋಮೀಟರ್ ಒಂದೇ ಸಮ ಏರು. ಅರ್ಧ ದಾರಿಯವರೆಗೆ ಮರಗಳ ನೆರಳಿದೆ, ಆಮೇಲೆ ಬರೀ ಹುಲ್ಲು. ಮೇಲೆ ನಿಂತು ನೋಡಿದರೆ ರಸ್ತೆ ತಿರುವಿನ ಮೇಲೆ ತಿರುವಾಗಿ ಕಾಲಡಿಯವರೆಗೆ ಬಂದಿರುತ್ತದೆ. ಓಟದ ದಿನ ಆ ತಿರುವುಗಳ ತುಂಬ ಕಿತ್ತಳೆ ಅಂಗಿಗಳು, ಕೆಂಪು-ಬಿಳಿ-ಹಸಿರಿನ ಬಾಸ್ಕ್ ಬಾವುಟಗಳು. ಗಡಿ ದಾಟಿ ಬಂದು, ಹಿಂದಿನ ರಾತ್ರಿ ಅಲ್ಲೇ ಮಲಗಿ, ಹತ್ತಾರು ಸೆಕೆಂಡುಗಳಲ್ಲಿ ಕಣ್ಮರೆಯಾಗುವ ಒಬ್ಬ ಹುಡುಗನಿಗಾಗಿ ಕಾದು ನಿಂತ ಜನ. ಸವಾರನ ಮುಂದೆ ಅವರು ಇಬ್ಭಾಗವಾಗುವುದು ಚಕ್ರಕ್ಕೆ ಒಂದು ಮೊಳ ಉಳಿದಾಗ ಮಾತ್ರ.

ನೀನು ಮತ್ತು ನಾನು ಈ ತಂಡಕ್ಕೆ ಮನಸೋತದ್ದು 2003ರಲ್ಲಿ, ಇಬಾನ್ ಮಾಯೊನಿಂದಾಗಿ. ಆಲ್ಪ್ ದ್ಯುಯೆಝ್ ಏರಿನಲ್ಲಿ ಆಗಿನ ಹೆಸರಾಂತ ಅಮೆರಿಕನ್ ಸವಾರ ಆರ್ಮ್‌ಸ್ಟ್ರಾಂಗನನ್ನು ಬಿಟ್ಟು ಒಬ್ಬನೇ ಹೊರಟುಹೋದನಲ್ಲ, ಆ ಹೊತ್ತಿಗೆ ನೀನು ಹಾಸ್ಟೆಲಿನ ಟಿವಿಯ ಮುಂದೆ ಎದ್ದು ನಿಂತಿದ್ದೆ. ವಾರ್ಡನ್ ಏನೆಂದರು ಎಂಬುದು ನಮಗಿಬ್ಬರಿಗೇ ಇರಲಿ. ಆ ವರ್ಷ ಒಟ್ಟಾರೆ ಪಟ್ಟಿಯಲ್ಲಿ ಇದೇ ತಂಡದ ಝುಬೆಲ್ದಿಯಾ 5ನೆಯವನು, ಮಾಯೊ 6ನೆಯವನು. ಮರುವರ್ಷ ಟೂರ್‌ನ ಆರಂಭದಲ್ಲೇ ಮಾಯೊ ಬಿದ್ದ, ಸಮಯ ಕಳೆದುಕೊಂಡ, ಕೊನೆ ಮುಟ್ಟಲಿಲ್ಲ. ಅವನಿಗಾಗಿ ಪಿರನೀಸ್‌ನಲ್ಲಿ ಕಾದಿದ್ದ ಕಿತ್ತಳೆ ಗುಂಪು ಆಗಲೂ ಕಡಿಮೆಯಾಗಲಿಲ್ಲ.

ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹುಡುಗರಿಗೆ ಬರೆದು ಪ್ರಯೋಜನವಿಲ್ಲ. 2009ರಲ್ಲಿ ಮಿಕೆಲ್ ಅಸ್ತಾರ್ಲೋಸಾ ಟೂರ್‌ನಲ್ಲಿ ಒಂದು ಹಂತ ಗೆದ್ದ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಆ ಗೆಲುವನ್ನು ಅವನಿಂದ ಕಿತ್ತುಕೊಂಡರು. ಮಾಯೊ ಕೂಡ ತಂಡ ಬಿಟ್ಟ ನಂತರ, 2007ರಲ್ಲಿ, ಅದೇ ದಾರಿಯಲ್ಲಿ ಹೋದ. ಆಲ್ಪ್ ದ್ಯುಯೆಝ್‌ನ ಆ ಏರನ್ನು ಈಗ ನೋಡಿದರೂ ನನ್ನ ಎದೆ ಬಡಿತ ಏರುತ್ತದೆ. ಗೊತ್ತಿರುವುದೆಲ್ಲ ಗೊತ್ತಿದ್ದೂ ಏರುತ್ತದೆ.

ತಂಡದ ಅತ್ಯುತ್ತಮ ಸವಾರ ಯಾರು ಎಂಬ ನಮ್ಮ ಹಳೆಯ ಜಗಳದಲ್ಲಿ ನಾನು ಈಗಲೂ ಜಾಗ ಬದಲಿಸಿಲ್ಲ. ಸಾಮುಯೆಲ್ ಸಾಂಚೆಝ್. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್ ಚಿನ್ನ ಅವನದು. 2011ರಲ್ಲಿ ಟೂರ್‌ನ ಏರುಗಳಲ್ಲಿ ಮುಂದಿರುವವನಿಗೆ ಕೊಡುವ ಬೆಟ್ಟಗಳ ರಾಜನ ಚುಕ್ಕಿ ಅಂಗಿಯೂ ಅವನಿಗೇ. ಆ ವರ್ಷ ಅವನು ಹಂತ ಗೆದ್ದದ್ದೂ ಲುಝ್-ಅರ್ದಿದೆನ್ ಮೇಲೆಯೇ, ಲೈಸೆಕಾ ಗೆದ್ದ ಹತ್ತು ವರ್ಷಕ್ಕೆ. ಅದೇ ಸೆಪ್ಟೆಂಬರಿನಲ್ಲಿ ಸ್ಪೇನಿನ ದೊಡ್ಡ ಓಟವಾದ ವುಯೆಲ್ತಾ 33 ವರ್ಷಗಳ ನಂತರ ಬಾಸ್ಕ್ ನಾಡಿಗೆ ಮರಳಿತು. ರಾಜಕೀಯದ ರಕ್ತಪಾತಕ್ಕೆ ಹೆದರಿ ಅಷ್ಟು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಬಿಲ್ಬಾವೊ ಊರೊಳಗೆ ಒಬ್ಬನೇ ಬಂದು ಗೆದ್ದವನು ಇಗೊರ್ ಅಂತೋನ್, ಕಿತ್ತಳೆ ಅಂಗಿಯವನು. ಒಂದು ತಂಡಕ್ಕೆ ಇದಕ್ಕಿಂತ ಹೆಚ್ಚಿನದೇನು ಬೇಕು ಬಸೂ?

ಅಂಕ ಬೇಕಿತ್ತು. ಆ ಹೊತ್ತಿಗೆ ಮೇಲಿನ ದರ್ಜೆಯ ಪರವಾನಗಿಗೆ ಸವಾರರು ಗಳಿಸಿದ ಅಂಕಗಳನ್ನು ಲೆಕ್ಕ ಹಿಡಿಯುತ್ತಿದ್ದರು. ಸವಾರ ತಂಡ ಬದಲಿಸಿದರೆ ಅವನ ಅಂಕವೂ ಅವನ ಬೆನ್ನಿಗೆ ಹೋಗುತ್ತಿತ್ತು. ದೂರದ ಸಣ್ಣ ಓಟಗಳಲ್ಲಿ ಗೆದ್ದವನ ಜೇಬಿನಲ್ಲೂ ಅಂಕವಿರುತ್ತಿತ್ತು. ಇಡೀ ದಿನ ನಾಯಕನಿಗೆ ಗಾಳಿ ತಡೆದು, ನೀರು ಹೊತ್ತು ತಂದು, ಕೊನೆಯ ಏರಿನಲ್ಲಿ ಹಿಂದೆ ಬೀಳುವ ಹುಡುಗನಿಗೆ ಏನೂ ಇರುತ್ತಿರಲಿಲ್ಲ. ಯೂಸ್ಕಾಡಿಯಲ್ಲಿ ಅಂಥ ಹುಡುಗರೇ ಹೆಚ್ಚು. ಹಾಗಾಗಿ 2013ರ ತಂಡಕ್ಕೆ ಗ್ರೀಸಿನಿಂದ ತಮೌರಿದಿಸ್, ಪೋರ್ಚುಗಲ್‌ನಿಂದ ಮೆಸ್ತ್ರೆ, ಮೊರಾಕೊದಿಂದ ಚೌಫಿ, ಜರ್ಮನಿಯಿಂದ ಶುಲ್ಝ್ ಬಂದರು. ಹೊರಗಿನಿಂದ ಬಂದ ಇನ್ನೂ ಕೆಲವರಿದ್ದರು. ನಿಯಮ ಮುರಿಯಿತು. ಅದನ್ನು ಮುರಿಯಬಾರದಿತ್ತು ಎಂದೇ ನಾನು ನಂಬಿದ್ದವನು.

ಈ ಬೇಸಿಗೆಯಲ್ಲಿ ನಾನಿರುವ ಫ್ರಾನ್ಸಿನ ತುಲೂಸ್‌ನಿಂದ ಒಂದು ದಿನ ಲುಝ್-ಅರ್ದಿದೆನ್ ಬೆಟ್ಟಕ್ಕೆ ಹೋಗಿದ್ದೆ. ಓಟವೇನೂ ಇರಲಿಲ್ಲ. ಮೇಲಿನ ತಿರುವೊಂದರಲ್ಲಿ ಐವತ್ತು ದಾಟಿದ ಒಬ್ಬ ಬಾಸ್ಕ್ ಮನುಷ್ಯ ಸೈಕಲ್ ಒರಗಿಸಿ ಕುಳಿತಿದ್ದ. ಅವನ ಮೈಮೇಲೆ ಹಳೆಯ ಕಿತ್ತಳೆ ಅಂಗಿಯಿತ್ತು. ಹೆಗಲ ಮೇಲೆ ಬಣ್ಣ ಸುಟ್ಟು ಹೋಗಿ ಮಾವಿನ ಹಣ್ಣಿನ ಸಿಪ್ಪೆಯಂತೆ ಕಾಣುತ್ತಿತ್ತು, ಎದೆಯ ಮೇಲಿನ ಕಂಪನಿಯ ಅಕ್ಷರಗಳು ಬಿರುಕುಬಿಟ್ಟಿದ್ದವು, ಬೆನ್ನಿನ ಜೇಬನ್ನು ಬೇರೆ ಬಣ್ಣದ ದಾರದಿಂದ ಹೊಲಿದಿದ್ದರು. ನನ್ನ ಹರುಕು ಫ್ರೆಂಚ್, ಅವನ ಹರುಕು ಫ್ರೆಂಚ್. ಲೈಸೆಕಾ ಗೆದ್ದ ದಿನ ಅವನು ಅಲ್ಲೇ, ಸ್ವಲ್ಪ ಕೆಳಗೆ ನಿಂತಿದ್ದನಂತೆ. ಕೈ ಚಾಚಿ ಜಾಗ ತೋರಿಸಿದ. ಕೊನೆಯ ವರ್ಷದ ಮಾತು ಬಂದಾಗ ಮಾತ್ರ ಮುಖ ತಿರುಗಿಸಿ, ಕೂಲಿಗೆ ಬಂದವರು ಸೇರಿದ ಮೇಲೆ ತಾನು ಬೆಟ್ಟ ಹತ್ತಲಿಲ್ಲ ಎಂದ. ನಾನು ಜೋರಾಗಿ ತಲೆಯಾಡಿಸಿದೆ.

ತಿರುಗಿ ಬರುವಾಗ ಆ ಮಾತು ಕಾರಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿತ್ತು. ಬಸೂ, ನಾನು ತುಲೂಸ್‌ನಲ್ಲಿ ಇರುವುದು ಯಾತಕ್ಕೆ? ವಿಮಾನದ ರೆಕ್ಕೆಯ ಲೆಕ್ಕ ಮಾಡುವ ಒಬ್ಬರು ಬೇಕಿತ್ತು, ನನ್ನ ಜೇಬಿನಲ್ಲಿ ಅದರ ಅನುಭವವಿತ್ತು, ಕರೆಸಿಕೊಂಡರು. ಇಲ್ಲಿನ ಅಂಗಿ ತೊಟ್ಟಿದ್ದೇನೆ, ಇಲ್ಲಿನ ತೆರಿಗೆ ಕಟ್ಟುತ್ತೇನೆ, ಮನಸ್ಸಿಟ್ಟು ಕೆಲಸ ಮಾಡುತ್ತೇನೆ. ತಮೌರಿದಿಸ್ ಕೂಡ ಹಾಗೇ ಮಾಡಿರಬೇಕು. ಬಾಸ್ಕ್ ಮಳೆಯಲ್ಲಿ ಕಿತ್ತಳೆ ಅಂಗಿ ತೊಟ್ಟು, ರಸ್ತೆ ಬದಿಯ ಜನ ಇನ್ನೊಬ್ಬನ ಹೆಸರು ಕೂಗುವುದನ್ನು ಕೇಳುತ್ತ ತುಳಿದಿರಬೇಕು. ಬೆಂಗಳೂರಿನಲ್ಲಿದ್ದಾಗ ನಮ್ಮ ಕಚೇರಿಗೆ ಹೊರಗಿನವರನ್ನು ತುಂಬುತ್ತಿದ್ದಾರೆ ಎಂದು ನಾನು ಮಾಡುತ್ತಿದ್ದ ಭಾಷಣಗಳನ್ನು ಕೇಳಿದವನು ನೀನು. ಅದರಲ್ಲಿದ್ದ ನೋವು ಸುಳ್ಳಲ್ಲ, ನಮ್ಮ ಹುಡುಗರಿಗೆ ಅವಕಾಶ ಬೇಕು ಎಂದು ಇಂದಿಗೂ ಹೇಳುತ್ತೇನೆ. ಆದರೆ ಆ ಬೆಟ್ಟದ ಮೇಲೆ ತಲೆಯಾಡಿಸುವಾಗ ನಾನು ಯಾರ ಪಕ್ಕದಲ್ಲಿ ನಿಂತಿದ್ದೆ? ಸಾಮುಯೆಲ್ ಸಾಂಚೆಝ್ ಹುಟ್ಟಿದ್ದು ಒವಿಯೆಡೊದಲ್ಲಿ, ಅಸ್ತೂರಿಯಾಸ್ ಪ್ರಾಂತದಲ್ಲಿ. ಅವನು ಬಾಸ್ಕ್ ಅಲ್ಲ. ಎಳೆಯನಾಗಿದ್ದಾಗ ಬಂದ, ಅಲ್ಲಿನ ಕ್ಲಬ್ಬುಗಳಲ್ಲಿ ಬೆಳೆದ, ಅವರ ಮನೆಮಗನಾದ. ತಮೌರಿದಿಸ್‌ಗೆ ಸಿಕ್ಕಿದ್ದು ಒಂದೇ ವರ್ಷ.

ಇದನ್ನು ಬರೆಯುವ ಉದ್ದೇಶ ಇರಲಿಲ್ಲ, ಆದರೂ ಕೈ ಬರೆಯುತ್ತಿದೆ. ಇಲ್ಲಿ ನಾನು ಸೋತರೂ ಗೆದ್ದರೂ ರಸ್ತೆ ಬದಿ ನಿಲ್ಲುವವರಿಲ್ಲ. ಸಂಜೆ ಮನೆಗೆ ಬಂದು ಆ ಹಳೆಯ ಓಟಗಳನ್ನು ಹಾಕಿಕೊಂಡು ಕೂರುತ್ತೇನೆ. ಸವಾರರನ್ನು ನೋಡುವುದು ಈಚೆಗೆ ಕಡಿಮೆಯಾಗಿದೆ. ಆ ಜನರನ್ನು ನೋಡುತ್ತೇನೆ. ಯಾರನ್ನಾದರೂ ಅಷ್ಟು ಹೊತ್ತು ಕಾಯುತ್ತಾರಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ. ನೀನು ಸೋಲಾಪುರ ರಸ್ತೆಯಲ್ಲಿ ಓಟಕ್ಕಿಳಿಯುತ್ತಿದ್ದಾಗ ನಿನ್ನ ಅವ್ವ ತಲೆಯ ಮೇಲೆ ಸೆರಗು ಹೊದ್ದು, ಮೈಲಿಗಲ್ಲಿನ ಹತ್ತಿರ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಅವರಿಗೆ ಅಂಕ ಗೊತ್ತಿರಲಿಲ್ಲ, ನೀನು ಎಷ್ಟನೆಯವನು ಎಂದೂ ಕೇಳುತ್ತಿರಲಿಲ್ಲ. ನನಗೂ ನೀರು ಕೊಡುತ್ತಿದ್ದರು. ಬಸೂ, ನನಗೆ ಊರಿಗೆ ಬರಬೇಕೆನ್ನಿಸಿದೆ. ಬರಲು ಆಗುವುದಿಲ್ಲ ಎಂಬುದೂ ಗೊತ್ತು.

ಇರಲಿ. ನೀನು ಕೇಳಿದ್ದು ತಂಡದ ಕೊನೆ.

ಸೈಕಲ್ ಓಟಕ್ಕೆ ಟಿಕೆಟ್ ಇಲ್ಲ, ಮೈದಾನವಿಲ್ಲ. ಟಿವಿಯ ದುಡ್ಡು ಓಟ ನಡೆಸುವವರಿಗೆ ಹೋಗುತ್ತದೆ. ತಂಡದ ಜೀವ ಪ್ರಾಯೋಜಕನ ಚೆಕ್ಕಿನಲ್ಲಿ. ಸ್ಪೇನಿನ ಆರ್ಥಿಕತೆ ಕುಸಿದ ಆ ವರ್ಷಗಳಲ್ಲಿ ಸರ್ಕಾರಿ ಸಂಸ್ಥೆಗಳು ಕೈ ಬಿಗಿಹಿಡಿದವು, ಕಂಪನಿಯೊಂದೇ ಭಾರ ಹೊರಬೇಕಾಯಿತು. 2013ರ ಆಗಸ್ಟ್‌ನಲ್ಲಿ ತಂಡವನ್ನು ಮುಚ್ಚುವುದಾಗಿ ಹೇಳಿತು. ಸೆಪ್ಟೆಂಬರ್ ಆರಂಭದಲ್ಲಿ ಕಾರು ಓಟದ ಫೆರ್ನಾಂಡೊ ಅಲೊನ್ಸೊ ತಂಡದ ಪರವಾನಗಿ ಕೊಳ್ಳಲು ಮುಂದೆ ಬಂದ. ಅವನೂ ಒವಿಯೆಡೊದವನು, ಸಾಂಚೆಝ್‌ನ ಗೆಳೆಯ. ತಿಂಗಳು ಮುಗಿಯುವುದರೊಳಗೆ ಆ ಮಾತುಕತೆಯೂ ಮುರಿದುಬಿತ್ತು. ಆ ವಾರಗಳ ಆಸೆಯೇ ಹೆಚ್ಚು ಕ್ರೂರ ಎಂದು ನನಗನ್ನಿಸುತ್ತದೆ. ಬೇರೆ ತಂಡಗಳಲ್ಲಿ ಜಾಗ ಹುಡುಕಬೇಕಿದ್ದ ಹುಡುಗರು ಕಾಯುತ್ತ ಕುಳಿತರು. ಒಲಿಂಪಿಕ್ ಚಿನ್ನ ಗೆದ್ದ ಸಾಂಚೆಝ್‌ಗೇ ಮುಂದಿನ ವರ್ಷ ಹುಟ್ಟಿದ ಮೇಲೆ ಕೆಲಸ ಸಿಕ್ಕಿತು. ನಿನಗೆ ರೈಲ್ವೆಯ ಆದೇಶಪತ್ರ ಬಂದ ದಿನ ನಿನ್ನ ಅಪ್ಪ ಅದನ್ನು ದೇವರ ಮುಂದಿಟ್ಟದ್ದು ಯಾಕೆಂದು ನನಗೆ ಅರ್ಥವಾದದ್ದು ಆ ಸುದ್ದಿ ಓದಿದಾಗ.

ಆಮೇಲೆ ಆ ತಂಡದಲ್ಲೇ ಕಣ್ಣುಬಿಟ್ಟಿದ್ದ ಮಿಕೆಲ್ ಲಂದಾ ಆ ಹಳೆಯ ಪ್ರತಿಷ್ಠಾನವನ್ನು ಎತ್ತಿ ನಿಲ್ಲಿಸಿದ. ತಾನು ಹೊರಗಿನ ದೊಡ್ಡ ತಂಡಗಳಲ್ಲಿ ತುಳಿಯುತ್ತ ಊರಿನ ತಂಡಕ್ಕೆ ಆಸರೆಯಾದ. 2020ರಲ್ಲಿ ಟೆಲಿಫೋನ್ ಕಂಪನಿಯೂ ಮರಳಿತು, ಕಿತ್ತಳೆ ಅಂಗಿಯೂ ಬಂತು, ಒಂದು ದರ್ಜೆ ಕೆಳಗೆ. 2023ರಲ್ಲಿ ಟೂರ್ ಡಿ ಫ್ರಾನ್ಸ್ ಬಿಲ್ಬಾವೊದಿಂದಲೇ ಹೊರಟಿತು. ಕಿತ್ತಳೆ ತಂಡಕ್ಕೆ ಆಹ್ವಾನ ಇರಲಿಲ್ಲ. ಅವರ ಮನೆಯಂಗಳದಲ್ಲಿ ಮದುವೆ ಮಾಡಿ ಅವರನ್ನೇ ಕರೆಯಲಿಲ್ಲ ಎಂದು ನನಗೆ ಈಗಲೂ ಸಿಟ್ಟಿದೆ. ಆದರೂ ಜನ ರಸ್ತೆಗೆ ಬಂದರು, ಬಂದವರನ್ನೆಲ್ಲ ಕೂಗಿ ಹುರಿದುಂಬಿಸಿದರು.

ಸಾಕು, ಇಷ್ಟು ಬರೆದರೆ ನೀನು ಓದುವುದಿಲ್ಲ, ತಂಗಿಯ ಕೈಯಲ್ಲಿ ಓದಿಸಿ ಸಾರಾಂಶ ಕೇಳುತ್ತೀ. ತಂಗೀ, ಮೇಲಿನ ಆ ಒಂದು ಪರಿಚ್ಛೇದವನ್ನು ಓದದೆ ದಾಟಿಸಿಬಿಡು, ನಿನ್ನ ಅಣ್ಣ ಫೋನ್ ಮಾಡಿ ರಾತ್ರಿಯೆಲ್ಲ ಬುದ್ಧಿ ಹೇಳುತ್ತಾನೆ. ಡಿಸೆಂಬರಿನಲ್ಲಿ ಒಬ್ಬರು ಊರ ಕಡೆ ಬರುವವರಿದ್ದಾರೆ. ನಿನಗೊಂದು ಕಿತ್ತಳೆ ಅಂಗಿ ಕಳಿಸುತ್ತೇನೆ. ಸೊಂಟದ ಅಳತೆಯನ್ನು ಪ್ರಾಮಾಣಿಕವಾಗಿ ಬರೆದು ಕಳಿಸು, ಹಾಸ್ಟೆಲಿನ ಕಾಲದ ಅಳತೆ ಬೇಡ.

ನಿನ್ನ,
ಬ್ರೇಕ್ ಮಾಸ್ತರ