ಮನೆ ಭೇಟಿಗೆ ಹೋಗುವವರು ಓದಿ

ಅಕ್ಕಂದಿರೇ, ಅಣ್ಣಂದಿರೇ, ಸೋಮವಾರ ಆಳಂದ ಕಡೆ ಭೇಟಿ ಇದೆ. ಕಾಯಿಲೆಯ ಮಕ್ಕಳಿರುವ ಮನೆಯಲ್ಲಿ ಪ್ಯಾಲಿಯೇಟಿವ್ ಕೇರ್ ಅಂದರೆ 'ಕೊನೆಗಾಲದ ಆರೈಕೆ' ಅಂತ ದಯವಿಟ್ಟು ಹೇಳಬೇಡಿ. ಹೋದ ಸಲ ನಾನೇ ಹಾಗಂದೆ. ಆ ತಾಯಿ ಮತ್ತೆ ನಮ್ಮ ಜೊತೆ ಮಾತೇ ಆಡಲಿಲ್ಲ. ಅರ್ಥವೂ ಅದಲ್ಲ. ರೋಗ ಗೊತ್ತಾದಾಗಿನಿಂದಲೇ ಇದು ಶುರುವಾಗಬೇಕು, ರೋಗದ ಚಿಕಿತ್ಸೆ ನಡೆಯುತ್ತಿರಲಿ ಬಿಡಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 'ನೋವು, ಉಬ್ಬಸ, ಭಯ ಕಡಿಮೆ ಮಾಡುವ ಆರೈಕೆ' ಅನ್ನಿ. ಪ್ಯಾಲಿಯೇಟಿವ್‌ಗೆ ಕನ್ನಡದಲ್ಲಿ 'ಉಪಶಾಮಕ' ಅನ್ನೋದು ಕಾಗದಕ್ಕೆ ಸರಿ, ಕಟ್ಟೆ ಮೇಲೆ ಯಾರಿಗೂ ತಿಳಿಯಲ್ಲ, ಅಲ್ವಾ?

ಫಾರಂ ತುಂಬುವಾಗ: ಕ್ಯಾನ್ಸರ್ 'ಜೀವಕ್ಕೆ ಅಪಾಯ ಇರುವ' ಕಾಯಿಲೆ, ವಾಸಿಯೂ ಆಗಬಹುದು. ಡುಶೆನ್ ಸ್ನಾಯು ಕಾಯಿಲೆ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ, ಪೂರ್ತಿ ವಾಸಿಯಾಗದ ಕಾಯಿಲೆ) 'ಆಯಸ್ಸು ಕಡಿಮೆ ಮಾಡುವ' ಸಾಲಿಗೆ. ಸುಮ್ನೆ ಎರಡನ್ನೂ ಒಂದೇ ಕಡೆ ಬರೆಯಬೇಡಿ.