ಅಪ್ಪನ ಹೆಸರಲ್ಲಿ ಕ್ಲಬ್‌ಗೆ ಡಿಸ್ಕೌಂಟ್ ಯಾಕೆ?

ಸಂಪಾದಕರೇ,

ವಿಲ್, ಲೀವೈ ಆಶ್‌ಕ್ರಾಫ್ಟ್ ಅಣ್ಣ-ತಮ್ಮ ಇಬ್ರೂ ಅಪ್ಪ ಮಾರ್ಕಸ್ ಆಡಿದ್ದ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಬ್ರಿಸ್ಬೇನ್ ಲಯನ್ಸ್ ಸೇರಿದ್ದರ ಬಗ್ಗೆ ನಿಮ್ಮ ವರದಿ ಓದಿ ಮೈ ಉರಿದುಹೋಯ್ತು. ಅಪ್ಪನ ಹಾದಿಯಲ್ಲಿ ಮಕ್ಕಳು ಅಂತ ಹೊಗಳಿ ಹೊಗಳಿ ಬರ್ದಿದ್ದೀರಿ, ಫೋಟೋನೂ ಹಾಕಿದ್ದೀರಿ, ಆದ್ರೆ ಆ ಹಾದಿ ಮಾಡಿಕೊಟ್ಟಿರೋ ಫಾದರ್-ಸನ್ ರೂಲ್ (ಅಪ್ಪ 100 ಮ್ಯಾಚ್ ಆಡಿದ ಕ್ಲಬ್‌ಗೆ ಮಗನ ಮೇಲೆ ಮೊದಲ ಹಕ್ಕು) ಬಗ್ಗೆ, ಅದ್ರಿಂದ ಬೇರೆ ತಂಡಗಳಿಗೆ ಆಗ್ತಿರೋ ಅನ್ಯಾಯದ ಬಗ್ಗೆ ಒಂದು ಸಾಲೂ ಇಲ್ಲ.

ನಾವು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರೋ ಕನ್ನಡದವರು, ಮನೆಮಂದಿಯೆಲ್ಲ ನಾರ್ತ್ ಮೆಲ್ಬರ್ನ್ ಮೆಂಬರ್ಸ್. 2024ರ ನವೆಂಬರ್‌ನಲ್ಲಿ ಬುಧವಾರ ಡ್ರಾಫ್ಟ್ (ಕ್ಲಬ್‌ಗಳು ಸರದಿಯ ಮೇಲೆ ಹೊಸ ಹುಡುಗರನ್ನ ಆರಿಸ್ಕೊಳ್ಳೋದು, ಒಂದೊಂದು ಸರದಿನೂ ಒಂದು ಪಿಕ್) ಇದ್ದ ರಾತ್ರಿ ಮಗ ಊಟದ ತಟ್ಟೆ ಹಿಡ್ಕೊಂಡು ಟೀವಿ ಮುಂದೆ ಕೂತವನು ಏಳಲೇ ಇಲ್ಲ, ನನಗೋ ಮಾರನೇ ದಿನ ಬೆಳಗಿನ ಜಾವದ ಶಿಫ್ಟು. ಐದನೇ ಪಿಕ್‌ನಲ್ಲಿ ಮೆಲ್ಬರ್ನ್ ಕ್ಲಬ್ ಲೀವೈ ಆಶ್‌ಕ್ರಾಫ್ಟ್ ಹೆಸರು ಹೇಳ್ತು, ಬ್ರಿಸ್ಬೇನ್ ಅದನ್ನ ಮ್ಯಾಚ್ ಮಾಡಿ, ಅಂದ್ರೆ ತನ್ನ ಬೇರೆ ಪಿಕ್‌ಗಳನ್ನ ಕೊಟ್ಟು, ಹುಡುಗನ್ನ ಎತ್ಕೊಂಡೋಯ್ತು, ಮೆಲ್ಬರ್ನ್‌ನವ್ರು ಆರಕ್ಕೆ ಇಳಿದು ಹಾರ್ವಿ ಲ್ಯಾಂಗ್‌ಫರ್ಡ್‌ನ ತಗೊಂಡ್ರು. ಬ್ರಿಸ್ಬೇನ್ ಅಂದ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗ್ರ್ಯಾಂಡ್ ಫೈನಲ್‌ನ 60 ಪಾಯಿಂಟ್‌ನಿಂದ ಗೆದ್ದ ತಂಡ! ಆ ಮ್ಯಾಚ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ನಾರ್ಮ್ ಸ್ಮಿತ್ ಮೆಡಲ್ ತಗೊಂಡವನೇ ಅಣ್ಣ ವಿಲ್. ಕೊನೇ ಸ್ಥಾನದಲ್ಲಿರೋ ತಂಡಕ್ಕೆ ಮೊದಲ ಪಿಕ್, ಚಾಂಪಿಯನ್‌ಗೆ ಕೊನೇ ಪಿಕ್ ಅನ್ನೋದಲ್ವಾ ಡ್ರಾಫ್ಟ್‌ನ ಉದ್ದೇಶ? ಮತ್ತೆ ಇದೇನು? "ನಮ್ಮ ಟೀಮಿಗೆ ಯಾಕೆ ಯಾವಾಗಲೂ ಹಿಂಗೆ ಅಪ್ಪಾ" ಅಂತ ಮಗ ಕೇಳ್ದ, ನಾನೇನು ಹೇಳ್ಲಿ?

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. 2021ರಲ್ಲೂ 2022ರಲ್ಲೂ ನಾರ್ತ್ ಕೊನೇ ಸ್ಥಾನ. 2022ರಲ್ಲಿ ಎರಡನೇ ಪಿಕ್‌ಗೆ ನಾವು ವಿಲ್ ಆಶ್‌ಕ್ರಾಫ್ಟ್ ಹೆಸರು ಹೇಳಿದ್ವಿ, ಬ್ರಿಸ್ಬೇನ್ ಮ್ಯಾಚ್ ಮಾಡ್ತು, ಮುಗೀತು. ಅದೇ ಡ್ರಾಫ್ಟ್‌ನಲ್ಲಿ ಅವರಿಗೆ ಇನ್ನೊಬ್ಬ ಫಾದರ್-ಸನ್ ಹುಡುಗ ಜಾಸ್ಪಾ ಫ್ಲೆಚರ್ ಕೂಡ ಸಿಕ್ಕ. ನಮಗೆ ಶೀಝಲ್, ವಾರ್ಡ್‌ಲಾ ಸಿಕ್ಕಿದ್ರು, ಒಳ್ಳೆ ಹುಡುಗ್ರೇ, ಆದ್ರೆ ಅದು ಬೇರೆ ಮಾತು.

ಮ್ಯಾಚ್ ಮಾಡೋದು ಅಂದ್ರೆ ಏನು ಗೊತ್ತಾ? ಒಂದೊಂದು ಪಿಕ್‌ಗೂ ಇಷ್ಟು ಪಾಯಿಂಟ್ಸ್ ಅಂತ 2015ರಿಂದ 2024ರವರೆಗೆ ಒಂದು ಪಟ್ಟಿ ಇತ್ತು, ಮೊದಲನೇದಕ್ಕೆ 3000, ಐದನೇದಕ್ಕೆ 1878. ಫಾದರ್-ಸನ್ ಅಂದ್ರೆ ಅದ್ರಲ್ಲಿ 20 ಪರ್ಸೆಂಟ್ ಕಡಿತ, ಅಂದ್ರೆ ಸುಮಾರು 1500 ಕೊಟ್ರೆ ಸಾಕಿತ್ತು. ಆ ಪಟ್ಟಿಯ 40, 41, 42, 43ನೇ ಪಿಕ್‌ಗಳನ್ನ ಕೂಡಿಸಿ ನೋಡಿ, 429, 412, 395, 378, ಒಟ್ಟು 1614. ಯಾರೂ ತಲೆ ಕೆಡಿಸ್ಕೊಳ್ಳದ ನಾಲ್ಕು ಪಿಕ್ ಜೋಡಿಸಿದ್ರೆ ದೇಶದ ಐದನೇ ಒಳ್ಳೆ ಹುಡುಗ ನಿಮ್ಮವನಾಗ್ತಿದ್ದ, ಮೇಲೆ ಚಿಲ್ಲರೆ ಬೇರೆ ವಾಪಸ್. ಯಾವ ಅಂಗಡಿಯಲ್ಲಿ ಸ್ವಾಮಿ ಈ ವ್ಯಾಪಾರ? 2025ರಿಂದ ಡಿಸ್ಕೌಂಟ್ 10 ಪರ್ಸೆಂಟ್ ಮಾಡಿದ್ರು. 10 ಆದ್ರೂ ಯಾಕೆ? ಅಪ್ಪ 100 ಮ್ಯಾಚ್ ಆಡಿದ್ದಕ್ಕೆ ಆಗ್ಲೇ ಸಂಬಳ ತಗೊಂಡಿದ್ದಾನೆ, ಚಪ್ಪಾಳೆ ತಗೊಂಡಿದ್ದಾನೆ. ಮಾರ್ಕಸ್ ಆಶ್‌ಕ್ರಾಫ್ಟ್ ದೊಡ್ಡ ಆಟಗಾರ, 318 ಮ್ಯಾಚ್, 2001ರಿಂದ 2003ರವರೆಗೆ ಸತತ ಮೂರು ಕಪ್, ಅವರ ಮೇಲೆ ನನಗೆ ಗೌರವ ಇದೆ. ಆ ಹುಡುಗ್ರ ಮೇಲೂ ಸಿಟ್ಟಿಲ್ಲ. ಸಿಟ್ಟಿರೋದು ರೂಲ್ ಮಾಡಿದವರ ಮೇಲೆ.

ನನಗೆ ಹೊಟ್ಟೆ ಉರಿಯೋದು 2021ರ ಡ್ರಾಫ್ಟ್ ನೆನೆಸ್ಕೊಂಡ್ರೆ. ಅವತ್ತು ಎರಡನೇ ಪಿಕ್‌ಗೆ ಸ್ಯಾಮ್ ಡಾರ್ಸಿ, ಅಪ್ಪ ಲೂಕ್ ಡಾರ್ಸಿ ಆಡಿದ್ದ ವೆಸ್ಟರ್ನ್ ಬುಲ್‌ಡಾಗ್ಸ್‌ಗೇ ಹೋದ. ನಾಲ್ಕಕ್ಕೆ ನಿಕ್ ಡೈಕೋಸ್, ಗೋಲ್ಡ್ ಕೋಸ್ಟ್ ಕರೆದ್ರೂ ಅಪ್ಪ ಪೀಟರ್ ಡೈಕೋಸ್ ಆಡಿದ್ದ ಕಾಲಿಂಗ್‌ವುಡ್‌ಗೇ ಹೋದ. ಐದಕ್ಕೆ ಮ್ಯಾಕ್ ಆಂಡ್ರೂ, ಸೌತ್ ಸುಡಾನ್ ಮೂಲದ ಕುಟುಂಬದ ಹುಡುಗ, ಮೆಲ್ಬರ್ನ್ ಕ್ಲಬ್‌ನ ನೆಕ್ಸ್ಟ್ ಜನರೇಷನ್ ಅಕಾಡೆಮಿಯಲ್ಲಿ ಇದ್ದವನು. ಮೆಲ್ಬರ್ನ್‌ನವರಿಗೆ ಅವನನ್ನ ಮ್ಯಾಚ್ ಮಾಡೋಕೇ ಬಿಡಲಿಲ್ಲ! ಯಾಕಂದ್ರೆ ಅದರ ಹಿಂದಿನ ವರ್ಷ ಬುಲ್‌ಡಾಗ್ಸ್‌ಗೆ ಅದೇ ಅಕಾಡೆಮಿ ದಾರಿಯಲ್ಲಿ ಜಮಾರಾ ಉಗಲ್-ಹೇಗನ್ ಮೊದಲ ಪಿಕ್‌ನಲ್ಲೇ ಸಿಕ್ಕಿದ್ದ, ಎಲ್ಲ ಬೊಬ್ಬೆ ಹೊಡೆದ್ರು, ತಕ್ಷಣ ಮೊದಲ 20 ಪಿಕ್‌ಗೆ ಬೀಗ ಹಾಕಿದ್ರು, ಆಮೇಲೆ 40ಕ್ಕೆ ಏರಿಸಿದ್ರು. 2024ರಲ್ಲಿ ಮತ್ತೆ ಸಡಿಲ ಮಾಡಿದ್ರು, ಅಷ್ಟರಲ್ಲಿ ಹೋಗೋರು ಹೋಗಿಯಾಗಿತ್ತು. ಆ ಅಕಾಡೆಮಿ ಇರೋದು ಮೂಲನಿವಾಸಿ ಮಕ್ಕಳಿಗೆ ಮತ್ತೆ ಆಫ್ರಿಕಾ, ಏಷ್ಯಾದಿಂದ ಬಂದವರ ಮಕ್ಕಳಿಗೆ, ಅಂದ್ರೆ ನಮ್ಮಂಥವರ ಮಕ್ಕಳಿಗೆ. ಅವರ ಬಾಗಿಲು ಒಂದೇ ವರ್ಷದಲ್ಲಿ ಮುಚ್ಚೋಕೆ ಬಂತು, ಅಪ್ಪಂದಿರ ಬಾಗಿಲು 1949ರಿಂದ ತೆರೆದೇ ಇದೆ. ನನ್ನ ಅಪ್ಪ ಹಾಸನದಲ್ಲಿ ಮೇಷ್ಟ್ರು, ನಾನು ಇಲ್ಲಿ ವೇರ್‌ಹೌಸ್‌ನಲ್ಲಿ, ನನ್ನ ಮಗ ಯಾವ ಕ್ಲಬ್‌ನ 100 ಮ್ಯಾಚ್ ತೋರಿಸ್ಬೇಕು?

ಪರಂಪರೆ ಅಂತಾರೆ. ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೊಳ್ಳೋಕಾಗುತ್ತಾ? 1949ರಲ್ಲಿ ಡ್ರಾಫ್ಟೇ ಇರ್ಲಿಲ್ಲ, ಅದು ಬಂದಿದ್ದು 1986ಕ್ಕೆ. ಜೀಲಾಂಗ್‌ಗೆ 2001ರಲ್ಲಿ ಗ್ಯಾರಿ ಏಬ್ಲೆಟ್ ಜೂನಿಯರ್ 40ನೇ ಪಿಕ್‌ಗೆ ಸಿಕ್ಕ, 2006ರಲ್ಲಿ ಟಾಮ್ ಹಾಕಿನ್ಸ್ 41ಕ್ಕೆ ಸಿಕ್ಕ, ಆಮೇಲೆ 2007ರಲ್ಲಿ ಬಿಡ್ಡಿಂಗ್ ತಂದ್ರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಗೋಲ್ಡ್ ಕೋಸ್ಟ್ ಶುರುವಾಗಿದ್ದು 2011ಕ್ಕೆ, ಗ್ರೇಟರ್ ವೆಸ್ಟರ್ನ್ ಸಿಡ್ನಿ 2012ಕ್ಕೆ, ಅವರು ಎಲ್ಲಿಂದ ತರ್ತಾರೆ 18 ವರ್ಷದ ಮಗನಿರೋ ಹಳೇ ಆಟಗಾರನ್ನ? ತಮ್ಮ ಕಡೆಯ ಹುಡುಗರನ್ನ ಬೆಳೆಸಿ ಹೀಗೇ ಮ್ಯಾಚ್ ಮಾಡಿ ತಗೊಳ್ಳೋಕೆ ಅವರಿಗೆ ಬೇರೆ ಅಕಾಡೆಮಿ ಇದೆ ಅಂತ ಯಾರೋ ಹೇಳ್ತಾರೆ, ಇದೆ, 2023ರಲ್ಲಿ ಗೋಲ್ಡ್ ಕೋಸ್ಟ್ ಮೊದಲ ಸುತ್ತಲ್ಲೇ ನಾಲ್ಕು ಜನರನ್ನ ತಗೊಳ್ತು, ಅದೂ ನನಗೆ ಸರಿ ಕಾಣಲ್ಲ. ಬ್ರಿಸ್ಬೇನ್‌ಗಂತೂ ಅಕಾಡೆಮಿನೂ ಇದೆ, ಅಪ್ಪಂದಿರೂ ಇದ್ದಾರೆ.

ಈ ಆಟ ನಡೆಸೋರ ಬಗ್ಗೆ ಬರೆಯೋಕೆ ಹೊರಟ್ರೆ ಇದೊಂದೇ ಅಲ್ಲ. ಗ್ರ್ಯಾಂಡ್ ಫೈನಲ್ ಯಾರು ಬಂದ್ರೂ ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲೇ, 2059ರವರೆಗೂ ಬರೆದುಕೊಟ್ಟಿದ್ದಾರೆ, ಪರ್ತ್‌ನವರು, ಅಡಿಲೇಡ್‌ನವರು ಬಾಯಿ ಮುಚ್ಕೊಂಡು ಫ್ಲೈಟ್ ಹತ್ತಬೇಕು. ನಾವು ಮೆಂಬರ್‌ಶಿಪ್ ದುಡ್ಡು ಕಟ್ಟಿರೋ ತಂಡದ ಹೋಮ್ ಮ್ಯಾಚ್‌ಗಳಲ್ಲಿ ಕೆಲವನ್ನ ಟ್ಯಾಸ್ಮೇನಿಯಾ ದ್ವೀಪದ ಹೋಬರ್ಟ್‌ನಲ್ಲಿ ಆಡಿಸಿದ್ರು, ಸಮುದ್ರ ದಾಟಿ ಹೋಗ್ಬೇಕಾಯ್ತು! ಇನ್ನು ನಮ್ಮ ಏರಿಯಾದ ಗ್ರೌಂಡ್, ಚಳಿಗಾಲದಲ್ಲಿ ಮಕ್ಕಳ ಟ್ರೇನಿಂಗ್ ಮುಗಿಯೋ ಹೊತ್ತಿಗೆ ಕತ್ತಲು, ಅರ್ಧ ಲೈಟ್ ಉರಿಯಲ್ಲ, ಅಪ್ಪಂದಿರು ಕಾರ್ ಹೆಡ್‌ಲೈಟ್ ಹಾಕ್ಕೊಂಡು ನಿಲ್ತೀವಿ, ಸಂಬಂಧಪಟ್ಟವರಿಗೆ ಮೇಲ್ ಮಾಡಿದ್ರೆ ನಿಮ್ಮ ಪತ್ರ ತಲುಪಿದೆ ಅಂತ ಒಂದು ಉತ್ತರ, ಅಷ್ಟೇ. ಹಂಗಂತ ಮಕ್ಕಳು ಬರೋದು ಬಿಟ್ಟಿಲ್ಲ, ಮಳೆ ಸುರೀತಿದ್ರೂ ಮೌತ್‌ಗಾರ್ಡ್ ಕಚ್ಕೊಂಡು ಕೆಸರಲ್ಲಿ ಬೀಳ್ತಾರೆ.

ಈ ರೂಲ್‌ನ ಪೂರ್ತಿ ತೆಗೆದುಹಾಕ್ಬೇಕು. ಅದಾಗಲ್ಲ ಅಂದ್ರೆ ಡಿಸ್ಕೌಂಟ್ ಸೊನ್ನೆ ಮಾಡಿ, ಐದನೇ ಹುಡುಗ ಬೇಕಂದ್ರೆ ಮೊದಲ ಸುತ್ತಿನ ನಿಜವಾದ ಪಿಕ್ ಕೊಟ್ಟೇ ತಗೋಬೇಕು ಅಂತ ಮಾಡ್ಲಿ. ಇಲ್ಲಾ ಎಲ್ಲ ಕ್ಲಬ್‌ಗೂ ಒಂದೇ ನ್ಯಾಯ ಅಂತ ಏನಾದ್ರೂ ಮಾಡ್ಲಿ, ಮಾಡೋ ಮನಸ್ಸಿದ್ರೆ ದಾರಿ ಸಾವಿರ ಇದೆ, ಮನಸ್ಸಿಲ್ಲ ಅಷ್ಟೇ. ನೀವೂ ಇನ್ಮುಂದೆ ಬರೀ ಚಂದದ ಫೋಟೋ ಹಾಕೋದು ಬಿಟ್ಟು ಈ ಲೆಕ್ಕಾನೂ ಹಾಕಿ.

— ನಾರ್ತ್ ಮೆಲ್ಬರ್ನ್ ಮೆಂಬರ್ ಒಬ್ಬ, ಟಾರ್ನೀಟ್, ಮೆಲ್ಬರ್ನ್