ಆ ಕಾವಲುಗಾರನನ್ನು ಯಾಕೆ ಬಿಟ್ಟೆ?

ಪ್ರೀತಿಯ ಹುಡುಗಾ,

ನಿನ್ನ ನಾಟಕ ಕೈಸೇರಿ ಮೂರು ವಾರವಾಯಿತು. ಜೊತೆಗಿಟ್ಟ ಕಾಗದವನ್ನೂ ಓದಿದೆ. ಸ್ಪರ್ಧೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಇಲ್ಲ ಅಂದಿದ್ದೀಯ. ಇಪ್ಪತ್ನಾಲ್ಕಕ್ಕೇ ಸನ್ಯಾಸವೇ ಮಾರಾಯ? ಅಂಕ ಎಷ್ಟಿರಬೇಕು, ರಂಗಸೂಚನೆ ಉದ್ದವಾಯಿತೇ ಅಂತೆಲ್ಲ ಕೇಳಿದ್ದೀಯ. ಅದನ್ನು ಆಡಿಸುವವರು ನೋಡಿಕೊಳ್ಳುತ್ತಾರೆ, ಬಿಡು. ನನಗೆ ಸಿಟ್ಟು ಬಂದದ್ದು ಬೇರೆ ಕಡೆ.

ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಅಂತಿಗೊನೆ’ಯನ್ನು ಕನ್ನಡಕ್ಕೆ ತರಲು ಹೊರಟ ನೀನು ಥೀಬ್ಸಿನ ದೊರೆ ಕ್ರೆಯಾನನಿಗೆ ಮೋಸ ಮಾಡಿದ್ದೀಯ. ನಿನ್ನ ದೊರೆ ರಂಗಕ್ಕೆ ಬಂದ ಕೂಡಲೇ ಗಹಗಹಿಸಿ ನಗುತ್ತಾನೆ. ಅಂಥವನನ್ನು ಎದುರಿಸೋಕೆ ಆತ್ಮಸಾಕ್ಷಿ ಯಾಕೆ ಬೇಕು, ಒಂದು ಕೋಲು ಸಾಕು. ಮೂಲದಲ್ಲಿ ಅವನು ಬರುವುದು ಎಂಥ ಬೆಳಿಗ್ಗೆ ಅಂತ ನೋಡು. ಮುತ್ತಿಗೆ ಹಾಕಿದ್ದ ಆರ್ಗೋಸಿನ ಸೈನ್ಯ ರಾತ್ರಿಯಷ್ಟೇ ಥೀಬ್ಸ್ ಬಿಟ್ಟು ಓಡಿದೆ. ಅಂತಿಗೊನೆಯ ಒಡಹುಟ್ಟಿದವರಿಬ್ಬರು, ಒಬ್ಬ ಊರಿನ ಕಡೆ, ಇನ್ನೊಬ್ಬ ಆ ಸೈನ್ಯದ ಕಡೆ, ಒಬ್ಬರನ್ನೊಬ್ಬರು ಕೊಂದು ಬಿದ್ದಿದ್ದಾರೆ. ಊರ ಹಿರಿಯರನ್ನು ಕರೆಸಿ ಅವನು ಹೇಳುತ್ತಾನೆ: ದೇಶಕ್ಕಿಂತ ಸ್ನೇಹಿತ ದೊಡ್ಡವನು ಅನ್ನುವವನು ನನ್ನ ಲೆಕ್ಕಕ್ಕಿಲ್ಲ, ನಾವೆಲ್ಲ ಕೂತಿರುವ ಈ ಹಡಗು ನೆಟ್ಟಗೆ ಸಾಗಿದರೆ ತಾನೇ ಸ್ನೇಹ? ಇದರಲ್ಲಿ ತಪ್ಪು ಹುಡುಕು ನೋಡೋಣ. ಕ್ರಿ.ಪೂ. 343ರಲ್ಲಿ, ಅಂದರೆ ಸುಮಾರು ನೂರು ವರ್ಷದ ಮೇಲೆ, ಭಾಷಣಕಾರ ಡೆಮಾಸ್ತೆನೀಸ್ ಇದೇ ಸಾಲುಗಳನ್ನು ಏಥೆನ್ಸಿನ ನ್ಯಾಯಾಲಯದಲ್ಲಿ ಓದಿಸಿದ. ಎದುರಾಳಿ ಈಸ್ಕಿನೀಸ್ ಹಿಂದೆ ನಟನಾಗಿದ್ದಾಗ ಕ್ರೆಯಾನನ ಪಾತ್ರ ಮಾಡಿದವನು. ಇಷ್ಟು ಒಳ್ಳೆಯ ಮಾತನ್ನು ಬಾಯಿಪಾಠ ಮಾಡಿದವನು ದೇಶಕ್ಕೆ ಹೀಗೆ ದ್ರೋಹ ಮಾಡಬಹುದೇ ಅಂತ ಚುಚ್ಚುವುದಕ್ಕೆ ಓದಿಸಿದ್ದು. ಖಳನಾಯಕನ ಮಾತನ್ನು ಯಾರಾದರೂ ಹಾಗೆ ಬಳಸುತ್ತಾರೆಯೇ?

ದೇಶದ್ರೋಹಿಯನ್ನು ನಾಡಿನ ಮಣ್ಣಲ್ಲಿ ಹೂಳಕೂಡದು ಅನ್ನುವ ಕಾಯಿದೆ ಏಥೆನ್ಸಿನಲ್ಲೇ ಇತ್ತು. ಗಡಿಯಾಚೆ ಹೂಳಬಹುದಿತ್ತು, ಅಷ್ಟೆ. ಕ್ರೆಯಾನ್ ಅದಕ್ಕಿಂತ ಒಂದೇ ಹೆಜ್ಜೆ ಮುಂದೆ ಹೋದ: ವೈರಿಯ ಕಡೆ ನಿಂತವನ ಹೆಣ ಎಲ್ಲಿಯೂ ಹೂಳಬೇಡಿ, ನಾಯಿ ಹದ್ದು ತಿನ್ನಲಿ. ಆ ಹೆಜ್ಜೆಯವರೆಗೂ ಪ್ರೇಕ್ಷಕ ಅವನ ಜೊತೆಗೇ ನಡೆದಿರುತ್ತಾನೆ. ಬರೆದವನಿಗೂ ಆ ಕುರ್ಚಿಯ ಪರಿಚಯ ಇತ್ತು. ಸೋಫೋಕ್ಲಿಸ್ ಕ್ರಿ.ಪೂ. 443-442ರಲ್ಲಿ ಮಿತ್ರರಾಜ್ಯಗಳ ಕಪ್ಪದ ಖಜಾನೆ ನೋಡಿಕೊಂಡವನು, 441-440ರಲ್ಲಿ ಪೆರಿಕ್ಲಿಸನ ಜೊತೆ ದಂಡನಾಯಕನಾಗಿದ್ದವನು.

ಇಷ್ಟು ಹೇಳುವ ನಾನೇನು ಸಾಚಾ ಅಲ್ಲ. ಮೂವತ್ತರ ಪ್ರಾಯದಲ್ಲಿ ಒಂದು ನಾಟಕ ಬರೆದೆ. ಜಮೀನು ಜಪ್ತಿಗೆ ಬರುವ ತಾಸೀಲ್ದಾರ. ದಪ್ಪ ಮೀಸೆ, ಬಾಯಿ ತುಂಬ ಎಲೆಅಡಿಕೆ, ನೆಟ್ಟಗಿನ ಮಾತು ಒಂದೂ ಇಲ್ಲ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಲ್ಲಿ ನನ್ನ ಸೋದರಮಾವ ಕೂತಿದ್ದರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ತಲೆ ನರೆತವರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಜಗಲಿಯಲ್ಲಿ ಚಪ್ಪಲಿ ಬಿಡುತ್ತಾ, ‘ಜಪ್ತಿಗೆ ಹೋದ ದಿನ ನಮ್ಮ ಸಾಹೇಬರು ಊಟ ಮಾಡ್ತಿರಲಿಲ್ಲ ಕಣೋ’ ಅಂದರು. ನಾಟಕಕ್ಕೆ ಬೇಕಾಗಿದ್ದ ಸಾಲು ಅದು. ಪುಸ್ತಕ ಆಗಲೇ ಅಚ್ಚಾಗಿತ್ತು.

ಇನ್ನು ಆ ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕುವ ನಿನ್ನ ಅಂತಿಗೊನೆ. ‘ಕಾನೂನನ್ನು ಧಿಕ್ಕರಿಸುತ್ತೇನೆ’ ಅಂತ ಏಳು ಸಲ ಕೂಗುತ್ತಾಳೆ, ಎಣಿಸಿದೆ. ಮೂಲದಲ್ಲಿ ಕ್ರೆಯಾನ್ ‘ನೊಮೊಸ್’, ಕಾನೂನು, ಅನ್ನುತ್ತಾನೆ. ಅವಳು ಅವನ ಆಜ್ಞೆಗೆ ಆ ಮರ್ಯಾದೆಯನ್ನೇ ಕೊಡುವುದಿಲ್ಲ, ‘ಕೆರುಗ್ಮ’ ಅನ್ನುತ್ತಾಳೆ. ನಮ್ಮ ಮಾತಲ್ಲಿ ಡಂಗುರ. ಕಾನೂನು ತನ್ನ ಕಡೆಗೇ ಇದೆ ಅನ್ನುವುದು ಅವಳ ಹಟ. ಅಷ್ಟು ಒಳ್ಳೆಯ ಪದ ಕೈಯಲ್ಲಿಟ್ಟುಕೊಂಡು ನೀನು ಘೋಷಣೆ ಕೂಗಿಸಿದೆಯಲ್ಲ!

ಮತ್ತೆ, ಜೀವಂತ ಮುಚ್ಚಿಡುವ ಗುಹೆಗೆ ಹೋಗುವ ಮುಂಚಿನ ಅವಳ ಮಾತನ್ನೇಕೆ ಕತ್ತರಿಸಿದೆ? ಗಂಡ ಸತ್ತಿದ್ದರೆ ಇನ್ನೊಬ್ಬ ಸಿಗುತ್ತಿದ್ದ, ಮಗು ಹೋಗಿದ್ದರೆ ಇನ್ನೊಂದು ಹುಟ್ಟುತ್ತಿತ್ತು, ಅವರಿಗಾಗಿ ಊರನ್ನು ಎದುರು ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಇನ್ನೊಬ್ಬ ಒಡಹುಟ್ಟಿದವನು ಎಲ್ಲಿಂದ ಬರಬೇಕು ಅನ್ನುತ್ತಾಳಲ್ಲ, ಅದು. ಜರ್ಮನ್ ಕವಿ ಗಯಟೆಗೂ ರುಚಿಸಲಿಲ್ಲ. ಇದು ಸೋಫೋಕ್ಲಿಸನದಲ್ಲ ಅಂತ ಯಾವನಾದರೂ ಪಂಡಿತ ತೋರಿಸಿಕೊಡಲಿ ಅಂತ ಆಸೆಪಟ್ಟ. ಆದರೆ ಅರಿಸ್ಟಾಟಲ್ ಆಗಲೇ ಈ ಸಾಲುಗಳನ್ನು ಉದಾಹರಿಸಿಬಿಟ್ಟಿದ್ದಾನೆ. ಯಾರೂ ಬರೆಯದ ದೇವರ ಕಟ್ಟಳೆ ಅಂತ ತಲೆಯೆತ್ತಿ ಹೇಳಿದ ಹುಡುಗಿ, ಸಾವು ಎದುರಿಗೆ ಬಂದಾಗ ಬೆರಳು ಮಡಚಿ ಅಂಗಡಿ ಲೆಕ್ಕ ಮಾಡುತ್ತಾಳೆ. ಕೇಳುವವರಿಗೇ ಮುಜುಗರ. ನನಗೆ ಅವಳು ಸಿಕ್ಕಿದ್ದು ಅಲ್ಲೇ.

ಕಡೆಗೆ, ನೀನು ಬಿಟ್ಟುಬಿಟ್ಟ ಆ ಹೆಣ ಕಾಯುವ ಕಾವಲುಗಾರ. ಹೆಣದ ಮೇಲೆ ಯಾರೋ ಒಣಮಣ್ಣು ಉದುರಿಸಿದ್ದಾರೆ ಅಂತ ದೊರೆಗೆ ಹೇಳಲು ಯಾರಿಗೂ ಧೈರ್ಯವಿಲ್ಲ. ಚೀಟಿ ಎತ್ತಿದ ಹಾಗೆ ಏನೋ ಮಾಡಿ ಇವನ ತಲೆಗೆ ಕಟ್ಟಿದ್ದಾರೆ. ದಾರಿಯಲ್ಲಿ ನಿಂತು ನಿಂತು, ಹಿಂತಿರುಗಿ, ಮತ್ತೆ ನಡೆದು ಬರುತ್ತಾನೆ. ಆಮೇಲೆ ಆ ಮಣ್ಣನ್ನು ಗುಡಿಸಿಹಾಕಿ, ವಾಸನೆ ಬಾರದಂತೆ ಗಾಳಿ ನೋಡಿಕೊಂಡು ದಿಬ್ಬದ ಮೇಲೆ ಕೂರುತ್ತಾರೆ. ಅಂತಿಗೊನೆಯನ್ನು ಹಿಡಿದು ತಂದಾಗ ಹೇಳುತ್ತಾನೆ: ನಾನು ಪಾರಾದೆ ಅಂತ ಸಂತೋಷ, ನಮ್ಮವರನ್ನೇ ಸಿಕ್ಕಿಸಿದೆ ಅಂತ ಸಂಕಟ, ಆದರೂ ನನ್ನ ಜೀವಕ್ಕಿಂತ ಅದು ದೊಡ್ಡದಲ್ಲ. ಇಡೀ ನಾಟಕದಲ್ಲಿ ನನ್ನಂಥವನು ಅವನೊಬ್ಬನೇ. ನಾನು ಮಾಡಿದ ಅನುವಾದದಿಂದಲೂ ಒಂದು ತಂಡ ಅವನನ್ನು ಕಿತ್ತುಹಾಕಿತ್ತು, ‘ದುರಂತದಲ್ಲಿ ಹಾಸ್ಯ ಯಾಕೆ ಸಾರ್’ ಅಂತ. ನನಗೆ ಗೊತ್ತಾದದ್ದು ಪ್ರದರ್ಶನದ ಮಧ್ಯೆ. ಮೂವತ್ತು ವರ್ಷವಾಯಿತು. ಆ ನಿರ್ದೇಶಕರು ಎದುರು ಸಿಕ್ಕರೆ ಈಗಲೂ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿಬಿಡುತ್ತೇನೆ.

ಇಸ್ಮೇನೆ ಅಕ್ಕನ ಉಗುರಿನ ಸಂದಿಯ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ ಅಂತ ಬರೆದಿದ್ದೀಯಲ್ಲ, ಅದು ಮೂಲದಲ್ಲಿಲ್ಲ. ನಿನ್ನದೇ. ಎರಡು ಸಲ ಓದಿದೆ.

ದೀಪಾವಳಿಯೊಳಗೆ ಕಾವಲುಗಾರನ ದೃಶ್ಯವೊಂದನ್ನು ಬರೆದು ಕಳಿಸು. ಹಸ್ತಪ್ರತಿ ಸದ್ಯ ನನ್ನ ಹತ್ತಿರವೇ ಇರುತ್ತದೆ. ವಾಪಸ್ ಕಳಿಸಿದರೆ ಒಲೆಗೆ ಹಾಕುವ ಜಾತಿ ನೀನು.

ಇಂತಿ,
ನಿನ್ನ ಮೇಷ್ಟ್ರು